ಎಚ್‌ಐವಿ ಮಾತ್ರೆ ಎಲ್ಲಿ ತೆಗೆದುಕೊಳ್ಳುವುದು? ಮುಂಬೈಯ ಕೇಂದ್ರ, ಊರಿನ ಕೇಂದ್ರ, ಖಾಸಗಿ ವೈದ್ಯರು: ಯಾವುದು ಯಾರಿಗೆ

"ರಿಪೋರ್ಟ್ ಪಾಸಿಟಿವ್ ಬಂದಿದೆ. ಕೆಲಸ ಸಾಯನ್‌ನಲ್ಲಿ, ಮನೆ ಇಂಡಿ ತಾಲ್ಲೂಕಿನಲ್ಲಿ. ಮಾತ್ರೆ ಇಲ್ಲೇ ಶುರು ಮಾಡಲೋ, ಊರಿಗೆ ಹೋಗಿ ಮಾಡಲೋ, ಇಲ್ಲಾ ದುಡ್ಡು ಹೋದರೆ ಹೋಗಲಿ ಅಂತ ಖಾಸಗಿ ಡಾಕ್ಟರ ಹತ್ತಿರ ಹೋಗಲೋ?" ಮುಂಬೈ, ಪುಣೆ, ಗೋವಾಗಳಲ್ಲಿ ದುಡಿಯುವ ಕನ್ನಡಿಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಹೋಟೆಲಿನವರು ಕೇಳುತ್ತಾರೆ, ಕಟ್ಟಡ ಕೆಲಸದವರು ಕೇಳುತ್ತಾರೆ, ಆಫೀಸಿಗೆ ಹೋಗುವವರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಖಾಸಗಿಯಲ್ಲಿ ಒಳ್ಳೆ ಔಷಧ, ಸರ್ಕಾರಿಯಲ್ಲಿ ಬಿಟ್ಟಿ ಔಷಧ ಎಂಬ ಮಾತು ಈಗ ನಿಜವಲ್ಲ. ಹೊಸದಾಗಿ ಚಿಕಿತ್ಸೆ ಶುರು ಮಾಡುವ ಬಹುತೇಕ ದೊಡ್ಡವರಿಗೆ ಎರಡೂ ಕಡೆ ಕೊಡುವುದು ಟಿಎಲ್‌ಡಿ ಮಾತ್ರೆಯನ್ನೇ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಮೂರೂ ಸೇರಿ ಒಂದು ಮಾತ್ರೆ, ದಿನಕ್ಕೊಂದು ಸಲ. ಮುಂಬೈಯದ್ದೇ ಕಂಪನಿಯಾದ ಸಿಪ್ಲಾ 2001ರಲ್ಲಿ ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇವೆಂದಾಗ ಜಗತ್ತೇ ಬೆರಗಾಗಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಅದನ್ನು ಪುಕ್ಕಟೆ ಕೊಡತೊಡಗಿತು. ಮೊದಲ ಕೆಲವೇ ಆಸ್ಪತ್ರೆಗಳಲ್ಲಿ ಬೈಕಲಾದ ಜೆಜೆ ಆಸ್ಪತ್ರೆ ಒಂದು, ಬೆಂಗಳೂರಿನ ಬೌರಿಂಗ್ ಇನ್ನೊಂದು. 2017ರಿಂದ ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಇದೆ. ಆದ್ದರಿಂದ ಆಯ್ಕೆ ಮಾಡಬೇಕಾದ್ದು ಔಷಧವನ್ನಲ್ಲ, ಅದು ನಿಮ್ಮ ಕೈಗೆ ಬರುವ ದಾರಿಯನ್ನು.

ಯಾವುದರಿಂದ ಅಳೆಯುವುದು

ಎಲ್ಲಕ್ಕಿಂತ ಮೇಲಿನ ಅಳತೆಗೋಲು ಒಂದೇ: ಡಬ್ಬಿ ಖಾಲಿಯಾಗಬಾರದು. ಡಬ್ಬಿಯಲ್ಲಿ 30 ಮಾತ್ರೆ ಇರುತ್ತವೆ. ತಿಂಗಳಲ್ಲಿ ಎರಡು ತಪ್ಪಿದರೂ ಲೆಕ್ಕ ನೂರಕ್ಕೆ 93ಕ್ಕೆ ಇಳಿಯುತ್ತದೆ. ಕೇಂದ್ರದ ಆಪ್ತಸಮಾಲೋಚಕರು ಬಯಸುವುದು 95ಕ್ಕೂ ಮೇಲೆ. ಒಂದೆರಡು ಮಾತ್ರೆ ತಪ್ಪಿದ ಮಾತ್ರಕ್ಕೆ ಮುಳುಗಿಹೋಗುವುದಿಲ್ಲ, ಡೊಲುಟೆಗ್ರಾವಿರ್ ಸುಲಭಕ್ಕೆ ಸೋಲುವ ಔಷಧವಲ್ಲ. ಆದರೆ ಹದಿನೈದು ದಿನ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಡುವುದಿದೆಯಲ್ಲ, ಅದು ಅಪಾಯ. ರಕ್ತದಲ್ಲಿ ಔಷಧ ಕಡಿಮೆಯಾದಾಗ ವೈರಸ್ ಹೆಚ್ಚತೊಡಗುತ್ತದೆ, ಹೆಚ್ಚುತ್ತಲೇ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಲ್ಯಾಮಿವುಡಿನ್‌ಗಂತೂ ಬೇಗ ಒಗ್ಗುತ್ತದೆ.

ಎರಡನೆಯದು ವೈರಲ್ ಲೋಡ್ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಎಣಿಕೆ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ಅದೊಂದೇ. ಮೈ ಚೆನ್ನಾಗಿದೆ, ತೂಕ ಬಂದಿದೆ ಎಂಬುದು ಸಾಲದು. ಶುರುವಾದ ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ, ಆಮೇಲೆ ವರ್ಷಕ್ಕೊಂದು ಸಲ ಆಗಬೇಕು. ನೀವು ಆರಿಸುವ ದಾರಿಯಲ್ಲಿ ಈ ಪರೀಕ್ಷೆ ತಪ್ಪದೆ ಆಗುವಂತಿರಬೇಕು.

ಮೂರನೆಯದು ಖರ್ಚು. ಔಷಧದ ಬೆಲೆಗೆ ಕಳೆದುಹೋಗುವ ದಿನಗೂಲಿಯನ್ನೂ ರೈಲಿನ ಟಿಕೆಟನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ನಾಲ್ಕನೆಯದು ಗುಟ್ಟು: ಸಾಲಿನಲ್ಲಿ ನಿಂತಾಗ ನಿಮ್ಮನ್ನು ಯಾರು ನೋಡುತ್ತಾರೆ. ಐದನೆಯದನ್ನು ಜನ ಮರೆಯುತ್ತಾರೆ: ಜೊತೆಗೆ ಬರುವ ಇತರ ಕಾಯಿಲೆಗಳು, ಮುಖ್ಯವಾಗಿ ಕ್ಷಯ. ಎಂಟು ಜನ ಒಂದೇ ಖೋಲಿಯಲ್ಲಿ ಮಲಗುವ ಊರು ಮುಂಬೈ.

ಮುಂಬೈ, ಪುಣೆ, ಗೋವಾದ ಸರ್ಕಾರಿ ಎಆರ್‌ಟಿ ಕೇಂದ್ರ

ಮುಂಬೈಯಲ್ಲಿ ಜೆಜೆ, ಪರೇಲಿನ ಕೆಇಎಂ, ಸಾಯನ್, ಮುಂಬೈ ಸೆಂಟ್ರಲ್‌ನ ನಾಯರ್, ಹೀಗೆ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಎಆರ್‌ಟಿ ಕೇಂದ್ರಗಳು, ಅಂದರೆ ಎಚ್‌ಐವಿ ಔಷಧ ಕೊಡುವ ಕೇಂದ್ರಗಳು ಇವೆ. ಪುಣೆಯಲ್ಲಿ ಸಸೂನ್ ಮತ್ತು ಪಿಂಪ್ರಿಯ ವೈಸಿಎಂ, ಗೋವಾದಲ್ಲಿ ಬಾಂಬೋಳಿಯ ಮೆಡಿಕಲ್ ಕಾಲೇಜು. ಇದು ರಾಷ್ಟ್ರೀಯ ಕಾರ್ಯಕ್ರಮ. ಕರ್ನಾಟಕದ ಆಧಾರ್ ಇದ್ದವರಿಗೂ ಇಲ್ಲಿ ಔಷಧ ಸಿಗುತ್ತದೆ.

ಮೊದಲ ಭೇಟಿಗೆ ಒಂದು ಇಡೀ ದಿನ ಮೀಸಲಿಡಿ. ಐಸಿಟಿಸಿ (ಸರ್ಕಾರಿ ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆ) ಕೇಂದ್ರದ ರಿಪೋರ್ಟ್, ಗುರುತಿನ ಚೀಟಿ, ಎರಡು ಫೋಟೊ ಒಯ್ಯಿರಿ. ಖಾಸಗಿ ಲ್ಯಾಬಿನ ರಿಪೋರ್ಟ್ ಮಾತ್ರ ಇದ್ದರೆ ಐಸಿಟಿಸಿಯಲ್ಲಿ ಮತ್ತೆ ಪರೀಕ್ಷೆ ಮಾಡಿ, ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಇದು ಕಿರಿಕಿರಿಯೆನಿಸಬಹುದು, ಆದರೆ ಜೀವನವಿಡೀ ನುಂಗುವ ಮಾತ್ರೆಗೆ ಮುಂಚೆ ಖಚಿತ ಮಾಡಿಕೊಳ್ಳುವುದು ನಿಮ್ಮ ಒಳ್ಳೆಯದಕ್ಕೇ. ಬಳಿಕ ನೋಂದಣಿ, ಆಪ್ತಸಮಾಲೋಚನೆ, ವೈದ್ಯರು, ರಕ್ತ: ಸಿಡಿ4, ಹಿಮೋಗ್ಲೋಬಿನ್, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಹೆಪಟೈಟಿಸ್ ಬಿ. ಹೆಪಟೈಟಿಸ್ ಬಿ ಇದ್ದರೆ ಅದನ್ನು ನೆನಪಿಟ್ಟುಕೊಳ್ಳಿ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ಕಾಯಿಲೆಯನ್ನೂ ಹದ್ದುಬಸ್ತಿನಲ್ಲಿಡುತ್ತವೆ. ಮಾತ್ರೆ ದಿಢೀರನೆ ನಿಲ್ಲಿಸಿದರೆ ಯಕೃತ್ತು ಉರಿಯೆದ್ದು ಕೆಡಬಹುದು.

ಕ್ಷಯ, ಮೆದುಳಿನ ಸೋಂಕುಗಳ ಲಕ್ಷಣ ಇಲ್ಲದಿದ್ದರೆ, ನೀವು ತಯಾರಿದ್ದರೆ, ಅದೇ ದಿನವೋ ಒಂದು ವಾರದೊಳಗೋ ಮಾತ್ರೆ ಶುರುವಾಗುತ್ತದೆ. ಮೊದಲ ತಿಂಗಳುಗಳಲ್ಲಿ ತಿಂಗಳಿಗೊಂದು ಭೇಟಿ. ಎಲ್ಲ ಸ್ಥಿರವಾದ ಮೇಲೆ ಮೂರು ತಿಂಗಳ ಔಷಧ ಒಟ್ಟಿಗೆ ಕೊಡುವ ವ್ಯವಸ್ಥೆ ಇದೆ. ಅದನ್ನು ನೀವಾಗಿಯೇ ಕೇಳಿ, ಎಲ್ಲರೂ ತಾವಾಗಿ ಹೇಳುವುದಿಲ್ಲ.

ತೊಂದರೆ ಎಲ್ಲಿ? ಸಮಯದಲ್ಲಿ. ಓಪಿಡಿ ಬೆಳಗಿನ ಹೊತ್ತು; ಹೋಟೆಲಿನಲ್ಲಿ ಬೆಳಗಿನ ಪಾಳಿಯವರಿಗೆ, ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರಿಗೆ ಅದೇ ದುಡಿಮೆಯ ಹೊತ್ತು. ಇನ್ನೊಂದು ಭಾಷೆ. ಆಪ್ತಸಮಾಲೋಚಕರು ಮರಾಠಿ, ಹಿಂದಿಯಲ್ಲಿ ಮಾತಾಡುತ್ತಾರೆ. ಊರಿನಿಂದ ಈಚೆಗೆ ಬಂದ ಹೆಣ್ಣುಮಕ್ಕಳು ತಲೆಯಾಡಿಸಿ, ಏನೂ ತಿಳಿಯದೆ ಡಬ್ಬಿ ಹಿಡಿದು ಮನೆಗೆ ಹೋಗುವುದು ಕಾಣುತ್ತದೆ. ನಂಬಿಕೆಯ ಒಬ್ಬರನ್ನು ಕರೆದೊಯ್ಯಿರಿ. ಅದಾಗದಿದ್ದರೆ ಮೂರು ಪ್ರಶ್ನೆ ಬರೆಸಿಕೊಂಡು ಹೋಗಿ: ಎಷ್ಟು ಹೊತ್ತಿಗೆ ನುಂಗಬೇಕು, ತಪ್ಪಿದರೆ ಏನು ಮಾಡಬೇಕು, ಮುಂದಿನ ತಾರೀಖು ಯಾವುದು. ಉತ್ತರವನ್ನು ಕೇಂದ್ರದವರು ಕೊಡುವ ಹಸಿರು ಚಿಕಿತ್ಸಾ ಪುಸ್ತಕದಲ್ಲೇ ಬರೆಸಿಕೊಳ್ಳಿ.

ಹಾಗಿದ್ದರೂ ಬಹಳ ಜನರಿಗೆ ನಾವು ಹೇಳುವುದು ಇದೇ ದಾರಿ, ಮುಖ್ಯವಾಗಿ ಕ್ಷಯದ ಕಾರಣಕ್ಕೆ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಈ ನಾಲ್ಕನ್ನು ಕೇಂದ್ರದಲ್ಲಿ ಪ್ರತಿ ಸಲವೂ ಕೇಳುತ್ತಾರೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರನ್ನು ಮೈಯಿಂದ ಬೇಗ ಹೊರಹಾಕುತ್ತದೆ; ಆದ್ದರಿಂದ ಟಿಎಲ್‌ಡಿ ತೆಗೆದುಕೊಂಡ 12 ಗಂಟೆಗೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇನ್ನೊಂದು ಬೇಕು. ಎಚ್‌ಐವಿ ಮಾತ್ರೆಯ ವಿಷಯ ಮುಚ್ಚಿಟ್ಟು ಬೇರೆ ಡಾಕ್ಟರರಿಂದ ಕ್ಷಯದ ಔಷಧ ಬರೆಸಿಕೊಂಡವರಿಗೆ ಈ ಎರಡನೆಯ ಮಾತ್ರೆ ಸಿಗುವುದಿಲ್ಲ, ವೈರಸ್ ಎದ್ದು ಕೂರುತ್ತದೆ. ಎಆರ್‌ಟಿ ಕೇಂದ್ರದಲ್ಲಿ ಎರಡೂ ಒಂದೇ ಕಡೆ ಸಿಗುತ್ತವೆ.

ಊರಿನ ಕೇಂದ್ರ

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ಮಂಗಳೂರಿನ ವೆನ್ಲಾಕ್, ಎಲ್ಲ ಕಡೆಯೂ ಕೇಂದ್ರ ಇದೆ, ಅದೇ ಮಾತ್ರೆ ಇದೆ. ಕನ್ನಡದಲ್ಲಿ ಮಾತು, ಮನೆಯ ಆರೈಕೆ, ಮೇಲಾಗಿ ಮುಂಬೈಯ ಕೆಲಸದ ಜಾಗದಲ್ಲಿ ಯಾರಿಗೂ ಗೊತ್ತಾಗದು. ಇಷ್ಟೆಲ್ಲ ಇದ್ದರೂ ಶುರುವಿನ ವರ್ಷಕ್ಕೆ ಇದು ಕಷ್ಟದ ದಾರಿ. ಮೊದಲ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಹೋಗಬೇಕು: ಮುಂಬೈ–ವಿಜಯಪುರ ಹೋಗಿಬರಲು ರಾತ್ರಿ ರೈಲು ಎರಡು, ನಡುವೆ ಒಂದು ದಿನ, ಕೆಲಸಕ್ಕೆ ಎರಡು ಮೂರು ದಿನ ಖಾಡಾ. ಮಾಲೀಕ ಎರಡು ಸಲ ಸುಮ್ಮನಿರುತ್ತಾನೆ, ಮೂರನೆಯ ಸಲ ಕೇಳುತ್ತಾನೆ. ಆಗ ಆಗುವುದು ಇಷ್ಟು: ತಮ್ಮನಿಗೋ ಹೆಂಡತಿಗೋ ಪುಸ್ತಕ ಕೊಟ್ಟು ಔಷಧ ತರಿಸಿ, ಊರಿನಿಂದ ಬರುವ ಬಸ್ಸಿನವನ ಕೈಯಲ್ಲಿ ಪೊಟ್ಟಣ ಕಳಿಸುವುದು. ಒಂದು ಸಲ ನಡೆಯುತ್ತದೆ. ರೂಢಿಯಾದರೆ ವೈದ್ಯರು ನಿಮ್ಮನ್ನು ನೋಡುವುದಿಲ್ಲ, ರಕ್ತ ತೆಗೆಯುವುದಿಲ್ಲ, ಪೊಟ್ಟಣ ನಾಲ್ಕು ದಿನ ತಡವಾದರೆ ನಾಲ್ಕು ದಿನ ಮಾತ್ರೆ ಇಲ್ಲ.

ಗುಟ್ಟಿನ ಲೆಕ್ಕವೂ ತಿರುವುಮುರುವಾಗುತ್ತದೆ. ಸಾಯನ್ ಆಸ್ಪತ್ರೆಯ ಗದ್ದಲದಲ್ಲಿ ನಿಮ್ಮನ್ನು ಯಾರೂ ಗಮನಿಸುವುದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಪಕ್ಕದೂರಿನವರೊಬ್ಬರು ಸಿಕ್ಕೇ ಸಿಗುತ್ತಾರೆ. ಇದಕ್ಕಾಗಿ ಕೆಲವರು ಪಕ್ಕದ ಜಿಲ್ಲೆಯ ಕೇಂದ್ರ ಹಿಡಿಯುತ್ತಾರೆ, ಅದು ತಪ್ಪೇನಲ್ಲ.

ಹಾಗಾದರೆ ಊರಿನ ಕೇಂದ್ರ ಯಾರಿಗೆ ಹೊಂದುತ್ತದೆ? ವರ್ಷದಲ್ಲಿ ಎಂಟು ತಿಂಗಳು ಊರಲ್ಲೇ ಇದ್ದು ಸುಗ್ಗಿ ಮುಗಿದ ಮೇಲೆ ಮಾತ್ರ ದುಡಿಯಲು ಬರುವವರಿಗೆ. ತುಂಬಾ ಸೊರಗಿ, ನೋಡಿಕೊಳ್ಳಲು ಜನ ಬೇಕಾದವರಿಗೆ. ಗೋವಾದಲ್ಲಿರುವ ಬೆಳಗಾವಿ, ಖಾನಾಪುರ ಕಡೆಯವರಿಗೂ ಲೆಕ್ಕ ಬೇರೆ: ಚೋರ್ಲಾ ಘಾಟಿ ದಾಟಿದರೆ ಕೆಲವೇ ಗಂಟೆಯ ಬಸ್ಸು, ಮೂರು ತಿಂಗಳ ಔಷಧ ಸಿಗುವ ಹಂತಕ್ಕೆ ಬಂದ ಮೇಲೆ ಸಲೀಸಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವುದುಂಟು. ಆ ತಿಂಗಳುಗಳಲ್ಲಿ ಕೊನೆಯ ದಿನದವರೆಗೆ ಕಾಯದೆ ಒಂದು ವಾರ ಮುಂಚೆ ಹೊರಡಿ. ಯಾರಿಗೇ ಆಗಲಿ, ನಿಯಮ ಸರಳ: ವರ್ಷದಲ್ಲಿ ಹೆಚ್ಚು ರಾತ್ರಿ ಎಲ್ಲಿ ಮಲಗುತ್ತೀರೋ ಅಲ್ಲಿ ನೋಂದಾಯಿಸಿ.

ಸಿಡಿ4 200ಕ್ಕಿಂತ ಕೆಳಗೆ ಬಂದಿದ್ದರೆ ಈ ತೂಗಾಟವೇ ಬೇಡ. "ಜಾತ್ರೆಗೆ ಹೇಗೂ ಊರಿಗೆ ಹೋಗುತ್ತೇನೆ, ಅಲ್ಲೇ ಶುರು ಮಾಡುತ್ತೇನೆ" ಎಂದು ಕಾಯುವ ಎರಡು ತಿಂಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಈಗ ಎಲ್ಲಿದ್ದೀರೋ ಅಲ್ಲೇ ಶುರು ಮಾಡಿ, ಆಮೇಲೆ ಬದಲಿಸಿಕೊಳ್ಳಿ.

ಖಾಸಗಿ ವೈದ್ಯರು

ಸಂಜೆ ಏಳಕ್ಕೆ ಸಿಗುತ್ತಾರೆ, ಸಾಲಿಲ್ಲ, ಫೋನಿನಲ್ಲಿ ಕೇಳಬಹುದು. ಸಂಬಳ ನಿಯಮಿತವಾಗಿ ಬರುವವರಿಗೆ, ರಜೆ ಕೇಳಲು ಆಗದವರಿಗೆ ಇದು ನಿಜವಾಗಿಯೂ ಒಳ್ಳೆಯ ದಾರಿ. ಆದರೆ ಮೊದಲ ತಿಂಗಳ ಬಿಲ್ಲನ್ನು ನೋಡಿ ನಿರ್ಧರಿಸಬೇಡಿ. ಮಾತ್ರೆ, ವೈದ್ಯರ ಫೀ, ವರ್ಷದ ವೈರಲ್ ಲೋಡ್, ಕ್ರಿಯಾಟಿನಿನ್, ಇಷ್ಟನ್ನೂ ಕೇಳಿ ಬರೆದುಕೊಂಡು ಹನ್ನೆರಡು ತಿಂಗಳಿಗೆ ಕೂಡಿಸಿ. ಕೆಲಸ ಹೋಗಿ ಮೂರು ತಿಂಗಳು ಕೂತರೂ ಇಷ್ಟನ್ನು ಕೊಡಬಲ್ಲಿರಾ? ಅನುಮಾನವಿದ್ದರೆ ಸರ್ಕಾರಿ ಕೇಂದ್ರವೇ ಸರಿ. ದುಡ್ಡು ಮುಗಿದು ಮಾತ್ರೆ ನಿಲ್ಲುವುದು ಈ ದಾರಿಯ ದೊಡ್ಡ ಗುಂಡಿ.

ಇನ್ನೊಂದು ಗುಂಡಿ ದೂರದಲ್ಲಿರುವುದರಿಂದ ಕಾಣುವುದಿಲ್ಲ. ಮೊದಲ ಸಾಲಿನ ಔಷಧ ಕೈಗೆಟುಕುವಂತಿದ್ದರೂ, ಅದು ಸೋತರೆ ಬೇಕಾಗುವ ಡರುನಾವಿರ್‌ನಂಥ ಮುಂದಿನ ಸಾಲಿನ ಔಷಧ ಹೊರಗೆ ಬಹಳ ದುಬಾರಿ. ಸರ್ಕಾರಿ ಕೇಂದ್ರದಲ್ಲಿ ಅದೂ ಪುಕ್ಕಟೆ. ಅಲ್ಲಿ ವೈರಲ್ ಲೋಡ್ 1000 ದಾಟಿದರೆ ಕೂಡಲೇ ಔಷಧ ಬದಲಿಸುವುದಿಲ್ಲ. ಮಾತ್ರೆ ತಪ್ಪುವುದೇಕೆ ಎಂದು ಮೂರು ತಿಂಗಳು ಕೂರಿಸಿ ಮಾತಾಡಿ, ಮತ್ತೆ ಪರೀಕ್ಷಿಸಿ, ಆಗಲೂ ಮೇಲಿದ್ದರೆ ಬದಲಿಸುತ್ತಾರೆ. ಖಾಸಗಿಯಲ್ಲಿ ಈ ಕೂತು ಮಾತಾಡುವ ಕೆಲಸಕ್ಕೆ ಯಾರಿಗೂ ಪುರುಸೊತ್ತಿಲ್ಲ. ಗುಟ್ಟಾಗಿ ಗುಣಪಡಿಸುತ್ತೇವೆ ಎನ್ನುವ ಪುಡಿ, ಕಷಾಯದವರ ಮಾತು ಕೇಳಿ ಮಾತ್ರೆ ಬಿಡಬೇಡಿ. ಎಚ್‌ಐವಿಯನ್ನು ಮೈಯಿಂದ ಪೂರ್ತಿ ತೆಗೆಯುವ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ.

ಖಾಸಗಿಗೇ ಹೋಗುವುದಾದರೆ ಎಚ್‌ಐವಿ ರೋಗಿಗಳನ್ನು ದಿನವೂ ನೋಡುವ ವೈದ್ಯರನ್ನೇ ಹುಡುಕಿ. ಚೀಟಿಯಲ್ಲಿ ಮೂರೂ ಔಷಧದ ಹೆಸರು, ಮಿಲಿಗ್ರಾಂ ಇರಲಿ. ಬ್ರಾಂಡ್ ಬದಲಾದರೆ ಹೆದರಬೇಡಿ, ಒಳಗಿನ ಮೂರು ಹೆಸರು ಬದಲಾಗಬಾರದು ಅಷ್ಟೆ. ಪ್ರತಿ ರಿಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ಮುಂದೊಂದು ದಿನ ಸರ್ಕಾರಿ ಕೇಂದ್ರಕ್ಕೆ ಹೋದಾಗ ಹಿಂದೆ ಏನೇನು ನುಂಗಿದ್ದಿರಿ ಎಂಬುದೇ ಅವರು ಕೇಳುವ ಮೊದಲ ಪ್ರಶ್ನೆ.

ಯಾವ ದಾರಿಯಾದರೂ, ಖೋಲಿಯೊಳಗೆ

ಊಟದ ಮುಂಚೆಯೋ ನಂತರವೋ ಎಂಬ ಚಿಂತೆ ಬೇಡ, ಎರಡೂ ನಡೆಯುತ್ತದೆ. ರಾತ್ರಿ ನಿದ್ದೆ ಬಾರದಿದ್ದರೆ ಬೆಳಗ್ಗೆಗೆ ಬದಲಿಸಿ. ಪಾಳಿ ಬದಲಾಗುವವರು ಗಡಿಯಾರ ನೋಡುವುದಕ್ಕಿಂತ, ಯಾವ ಪಾಳಿಯಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವ ಒಂದು ಚಹಾಕ್ಕೋ ಊಟಕ್ಕೋ ಅದನ್ನು ಕಟ್ಟಿಹಾಕುವುದು ಲೇಸು. ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನದಕ್ಕೆ ನಾಲ್ಕು ಗಂಟೆಯೂ ಉಳಿದಿಲ್ಲವಾದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಹೊಟ್ಟೆಯುರಿಗೆ ಜೆಲುಸಿಲ್, ಡೈಜೀನ್‌ನಂಥದ್ದು ಕುಡಿಯುವವರು ಜಾಗ್ರತೆ: ಅದರಲ್ಲಿನ ಅಲ್ಯುಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎಚ್‌ಐವಿ ಮಾತ್ರೆ ಅದಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಆದಮೇಲೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಹೇಳಿ, ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ.

ಹಂಚಿಕೊಂಡ ಖೋಲಿಯಲ್ಲಿ ಡಬ್ಬಿ ಅಲ್ಲಾಡಿಸಿದಾಗ ಬರುವ ಗಲಗಲ ಸದ್ದೇ ದೊಡ್ಡ ಭಯ. ಬಾಯಿಗೆ ಒಂದು ಒಣ ಹತ್ತಿಯ ಉಂಡೆ ತುರುಕಿದರೆ ಸದ್ದಿಲ್ಲ. ಒಂದು ವಾರದಷ್ಟನ್ನು ಬೇರೆ ಚಿಕ್ಕ ಡಬ್ಬಿಗೆ ಹಾಕಿಕೊಳ್ಳಬಹುದು. ಉಳಿದದ್ದು ಮೂಲ ಡಬ್ಬಿಯಲ್ಲೇ, ಒಳಗಿನ ತೇವ ಹೀರುವ ಪೊಟ್ಟಣದ ಸಮೇತ ಇರಲಿ. ಮುಂಬೈಯ ಜುಲೈ ತಿಂಗಳ ಹಸಿಗಾಳಿಗೆ ಮಾತ್ರೆ ಕೆಡುತ್ತದೆ. ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ. ಮಾಲೀಕನಿಗೆ ತಿಳಿದುಬಿಟ್ಟರೆ ಎಂಬ ಅಂಜಿಕೆಯಿಂದ ಮಾತ್ರೆ ಬಿಡುವವರು ಇದನ್ನು ತಿಳಿದಿರಲಿ: 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಸೋಂಕಿನ ಕಾರಣ ಕೊಟ್ಟು ಕೆಲಸದಿಂದ ತೆಗೆಯುವುದು, ಮನೆ ಬಿಡಿಸುವುದು, ಚಿಕಿತ್ಸೆ ನಿರಾಕರಿಸುವುದು ತಪ್ಪು. ಸಂದೇಹಗಳಿಗೆ 1097 ಉಚಿತ ಸಹಾಯವಾಣಿ ಇದೆ.

ಒಂದರಿಂದ ಇನ್ನೊಂದಕ್ಕೆ ಬದಲಿಸುವುದು

ಒಮ್ಮೆ ಆರಿಸಿದ್ದು ಶಾಶ್ವತವಲ್ಲ. ಕೇಂದ್ರ ಬಿಟ್ಟು ಹೋಗುವ ಮುಂಚೆ ಟ್ರಾನ್ಸ್‌ಫರ್ ಕೇಳಿ. ಪತ್ರ, ಹಸಿರು ಪುಸ್ತಕ, ಕಡೆಯ ವೈರಲ್ ಲೋಡ್, ಕೈಯಲ್ಲಿ ಒಂದು ತಿಂಗಳ ಮಾತ್ರೆ, ಈ ನಾಲ್ಕೂ ಇಲ್ಲದೆ ರೈಲು ಹತ್ತಬೇಡಿ. ನಾಲ್ಕಾರು ವಾರಕ್ಕೆ ಮಾತ್ರ ಊರಿಗೆ ಹೋಗಿ ಅಲ್ಲಿ ಮಾತ್ರೆ ಮುಗಿದರೆ ಹತ್ತಿರದ ಎಆರ್‌ಟಿ ಕೇಂದ್ರದಲ್ಲಿ ಪುಸ್ತಕ ತೋರಿಸಿ. ಪ್ರಯಾಣದಲ್ಲಿರುವವರಿಗೆ ಕೊಡುವ ವ್ಯವಸ್ಥೆ ಇದೆ. ಪುಸ್ತಕದ ಎಲ್ಲ ಪುಟಗಳ ಫೋಟೊ ಫೋನಿನಲ್ಲಿರಲಿ.

ಕೆಲವರು ಟ್ರಾನ್ಸ್‌ಫರ್ ರಗಳೆ ಯಾಕೆಂದು ಹೊಸ ಊರಲ್ಲಿ ಹೊಸಬರಂತೆ ಪರೀಕ್ಷೆ ಮಾಡಿಸಿ ಹೊಸ ಪುಸ್ತಕ ಮಾಡಿಸುತ್ತಾರೆ. ಇದು ನಿಮಗೇ ಏಟು. ಹಿಂದೆ ಯಾವ ಔಷಧ ಸೋತಿತ್ತೆಂದು ಹೊಸ ವೈದ್ಯರಿಗೆ ತಿಳಿಯದು, ಸೋತದ್ದನ್ನೇ ಮತ್ತೆ ಕೊಟ್ಟಾರು.

ಹೆಂಡತಿಗೆ, ಗಂಡನಿಗೆ ಯಾವ ರಕ್ಷಣೆ

ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ, ಸೋಂಕಿರುವವರ ಮಾತ್ರೆಯೇ ದೊಡ್ಡ ರಕ್ಷಣೆ. 2011ರಲ್ಲಿ ಫಲಿತಾಂಶ ಬಂದ ಎಚ್‌ಪಿಟಿಎನ್ 052 ಅಧ್ಯಯನದಲ್ಲಿ, ಬೇಗ ಚಿಕಿತ್ಸೆ ಹಿಡಿದವರಿಂದ ಸಂಗಾತಿಗೆ ಸೋಂಕು ದಾಟುವುದು ನೂರಕ್ಕೆ 96ರಷ್ಟು ಕಡಿಮೆಯಾಗಿತ್ತು. ಪುಣೆಯ ಜೋಡಿಗಳೂ ಅದರಲ್ಲಿದ್ದರು. ವೈರಲ್ ಲೋಡ್ 200ಕ್ಕಿಂತ ಕೆಳಗೆ ಉಳಿದವರಿಂದ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಗಟ್ಟಿಯಾಗಿದೆ. ಆದರೆ ಅದಕ್ಕೆ ರಿಪೋರ್ಟ್ ಕೈಯಲ್ಲಿರಬೇಕು. "ಮಾತ್ರೆ ಶುರುವಾಗಿದೆ" ಎಂಬುದಷ್ಟೇ ಸಾಲದು, ಮೊದಲ ಆರು ತಿಂಗಳು ಕಾಂಡೋಮ್ ಬೇಕೇ ಬೇಕು. ಅದು ಕೇಂದ್ರದಲ್ಲೇ ಪುಕ್ಕಟೆ, ಇತರ ಲೈಂಗಿಕ ರೋಗಗಳನ್ನೂ ತಡೆಯುತ್ತದೆ. ಅದರ ಕೊರತೆ ಒಂದೇ: ಗಂಡ ಒಪ್ಪಬೇಕು.

ಗಂಡ ಒಪ್ಪದಿದ್ದರೆ, ಇಲ್ಲವೆ ಅವನು ಮಾತ್ರೆ ಸರಿಯಾಗಿ ನುಂಗುತ್ತಾನೆಂಬ ನಂಬಿಕೆ ಇಲ್ಲದಿದ್ದರೆ, ಸೋಂಕಿಲ್ಲದವರೇ ನುಂಗುವ ಪ್ರೆಪ್ ಮಾತ್ರೆ ಇದೆ: ಟೆನೊಫೊವಿರ್ 300, ಎಮ್‌ಟ್ರಿಸಿಟಾಬಿನ್ 200, ದಿನಕ್ಕೊಂದು. ಹೆಂಗಸರಿಗೆ ಪೂರ್ತಿ ರಕ್ಷಣೆ ಬರಲು 21 ದಿನ ಬೇಕು. ಹೆಚ್ಚಾಗಿ ಖಾಸಗಿ ವೈದ್ಯರ ಮೂಲಕವೇ ಸಿಗುತ್ತದೆ, ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ ಕಡ್ಡಾಯ. ಸೋಂಕು ಬಂದದ್ದು ಗೊತ್ತಾಗದೆ ಪ್ರೆಪ್ ನುಂಗುತ್ತ ಹೋದರೆ ಎರಡೇ ಔಷಧಕ್ಕೆ ವೈರಸ್ ಒಗ್ಗಿಬಿಡುತ್ತದೆ. ಗಂಡ ಮುಂಬೈಯಲ್ಲಿ, ಹೆಂಡತಿ ಊರಲ್ಲಿ ಇರುವ ಮನೆಗಳಲ್ಲಿ ಪಂಚಮಿಗೋ ದೀಪಾವಳಿಗೋ ಗಂಡ ಬರುವ ಮೂರು ವಾರ ಮುಂಚೆ ಶುರು ಮಾಡಬೇಕಾಗುತ್ತದೆ ಎಂಬುದನ್ನು ನೆನಪಿಡಿ.

ಕಾಂಡೋಮ್ ಹರಿದರೆ ಬೇರೆ ದಾರಿ, ಪೆಪ್: ಸೋಂಕು ತಗುಲದಂತೆ ತಡೆಯಲು ಸೋಂಕಿಲ್ಲದವರು ಆಮೇಲೆ ನುಂಗುವ ಮಾತ್ರೆ. 72 ಗಂಟೆಯೊಳಗೆ ಶುರುವಾಗಬೇಕು, ಎರಡು ಗಂಟೆಯೊಳಗಾದರೆ ಉತ್ತಮ, 28 ದಿನ ನಡೆಯಬೇಕು. ಬೆಳಗಿನ ಓಪಿಡಿಗೆ ಕಾಯದೆ ದೊಡ್ಡ ಆಸ್ಪತ್ರೆಯ ಕ್ಯಾಷುಯಲ್ಟಿಗೆ ಹೋಗಿ. ಅಲ್ಲಿ ಕೊಡದಿದ್ದರೆ ವಾದಿಸುತ್ತ ಹೊತ್ತು ಕಳೆಯದೆ ಖಾಸಗಿ ವೈದ್ಯರ ಚೀಟಿಯಿಂದ ಕೊಂಡುಕೊಳ್ಳಿ; ಒಂದೇ ತಿಂಗಳ ಖರ್ಚು.

ಬಸುರಿಯಾದವರಿಗೆ ಇನ್ನೊಂದು ತೂಗಾಟ: ಹೆರಿಗೆ ಮುಂಬೈಯಲ್ಲೋ ತವರಿನಲ್ಲೋ? ತವರಿಗೆ ಹೋಗುವುದಾದರೆ ಏಳನೆಯ ತಿಂಗಳಲ್ಲೇ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಿ; 32ರಿಂದ 36ನೇ ವಾರದ ನಡುವಿನ ವೈರಲ್ ಲೋಡ್ ಎಲ್ಲಿ ಮಾಡಿಸುವುದೆಂದು ಮೊದಲೇ ಗೊತ್ತಿರಲಿ. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಯನ್ನು ಟಿಎಲ್‌ಡಿ ಜೊತೆ ನುಂಗುವುದಾದರೆ ಊಟದೊಂದಿಗೇ ನುಂಗಿ, ಖಾಲಿ ಹೊಟ್ಟೆಯಲ್ಲಿ ಬೇಡ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಅಲ್ಲಿನವರಿಗೆ ವಿಷಯ ಹೇಳಿ. ಮಗುವಿಗೆ ಹುಟ್ಟಿದ ಕೂಡಲೇ ಸಿರಪ್ ಶುರುವಾಗಬೇಕು. ಎದೆಹಾಲು ಕೊಡುವುದಾದರೆ ಆರು ತಿಂಗಳು ಬರೀ ಎದೆಹಾಲು, ಅಜ್ಜಿ ಜೇನು ನೆಕ್ಕಿಸುವುದೂ ಬೇಡ, ಹಸುವಿನ ಹಾಲೂ ಬೇಡ. ಆರು ವಾರಕ್ಕೆ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಕಾಗದದ ಮೇಲೆ ಒಣಗಿಸಿ ಮೊದಲ ಪರೀಕ್ಷೆಗೆ ಕಳಿಸುತ್ತಾರೆ. ಆ ಹೊತ್ತಿಗೆ ನೀವು ಇನ್ನೂ ತವರಿನಲ್ಲಿದ್ದರೆ ಅಲ್ಲಿನ ಐಸಿಟಿಸಿಯಲ್ಲೇ ಮಾಡಿಸಿ, ಆ ಚೀಟಿಯನ್ನು ಮುಂಬೈಗೆ ತನ್ನಿ. ಕೊನೆಯ ಪರೀಕ್ಷೆ ಹದಿನೆಂಟು ತಿಂಗಳಿಗೆ. ಆ ತಾರೀಖನ್ನು ಮಗುವಿನ ಲಸಿಕೆ ಕಾರ್ಡಿನ ಮೇಲೆ ಈಗಲೇ ಬರೆದಿಡಿ.